ಊರಿನವರ ರಿಟರ್ನ್ ನಮ್ಮ ಕೈಯಲ್ಲಿ: ಮುಂಗಡ ತೆರಿಗೆಯ ಲೆಕ್ಕ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಓದಿದ ಭಾಷಣದ ಬರಹರೂಪ. ಅಂಕಿಗಳನ್ನು ಕಿವಿಯಲ್ಲಿ ಹಿಡಿದಿಡುವುದು ಕಷ್ಟ ಎನ್ನುವ ಕೇಳುಗರಿಗಾಗಿ ಪೂರ್ತಿಯಾಗಿ ಇಲ್ಲಿ ಕೊಟ್ಟಿದೆ.)



ಜುಲೈ ತಿಂಗಳು ಹತ್ತಿರ ಬಂತೆಂದರೆ ಊರಿನಿಂದ ಬರುವ ಫೋನುಗಳ ವಿಷಯ ಬದಲಾಗುತ್ತದೆ. ಮಳೆ ಹೇಗಿದೆ, ಮಕ್ಕಳ ಶಾಲೆ ಹೇಗೆ ನಡೆದಿದೆ ಎಂದು ವಿಚಾರಿಸಿದ ಮೇಲೆ ಮೆಲ್ಲನೆ ಇನ್ನೊಂದು ಮಾತು ಬರುತ್ತದೆ: "ಈ ಸಲದ್ದೂ ನೀನೇ ತುಂಬಿಸಿಬಿಡು. ನಮಗೆ ಆ ಕಂಪ್ಯೂಟರ್ ಎಲ್ಲ ತಿಳಿಯುವುದಿಲ್ಲ." ತುಂಬಿಸಬೇಕಾದದ್ದು ಆದಾಯ ತೆರಿಗೆಯ ರಿಟರ್ನ್. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲೇ ನೆಲೆಸಿದ್ದರೂ ಈ ಮಾತನ್ನು ಕೇಳದ ಕನ್ನಡದ ಮನೆ ಕಡಿಮೆ. ಅಪ್ಪನದೋ ಅತ್ತೆಯದೋ ಚಿಕ್ಕಮ್ಮನದೋ ಪ್ಯಾನ್ ಸಂಖ್ಯೆ ನಮ್ಮ ಡೈರಿಯಲ್ಲಿ ಇದ್ದೇ ಇರುತ್ತದೆ.

ನಾನು ಓದಿದ್ದು ಕನ್ನಡ ಬಿ.ಎ. ಲೆಕ್ಕಪರಿಶೋಧನೆ ನನ್ನ ಕಸುಬಲ್ಲ. ಆದರೆ ಮನೆಯವರ ರಿಟರ್ನ್ ತುಂಬುವ ನಮ್ಮಂಥವರು ತಡವರಿಸುವ ಜಾಗ ಯಾವುದು ಎಂಬುದು ನನಗೆ ಗೊತ್ತು. ಆದಾಯ ಬರೆಯುವುದರಲ್ಲಿ ಅಷ್ಟು ತೊಂದರೆ ಇಲ್ಲ. ತೆರಿಗೆ ಎಷ್ಟು ಕಟ್ಟಿ ಆಗಿದೆ, ಯಾವಾಗ ಕಟ್ಟಿದ್ದು, ಇನ್ನೆಷ್ಟು ಉಳಿದಿದೆ ಎಂಬಲ್ಲಿ ಕೈ ನಿಲ್ಲುತ್ತದೆ. ಅದರಲ್ಲೂ ಮುಂಗಡ ತೆರಿಗೆ ಎಂಬ ಹೆಸರು ಕಂಡಾಗ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಆ ಪದವನ್ನೇ ನೋಡೋಣ. ಮುಂಗಡ ಎಂದರೆ ನಮಗೆ ನೆನಪಾಗುವುದು ಮನೆ ಬಾಡಿಗೆಯ ಮುಂಗಡ, ಮದುವೆ ಛತ್ರದ ಮುಂಗಡ. ಕೆಲಸ ಆಗುವ ಮೊದಲೇ ಕೊಟ್ಟು ಇಡುವ ಹಣ. ಮುಂಗಡ ತೆರಿಗೆ ಹಾಗಲ್ಲ. ಇನ್ನೂ ಬಾರದ ಆದಾಯಕ್ಕೆ ಯಾರೂ ತೆರಿಗೆ ಕೇಳುವುದಿಲ್ಲ. ಗಳಿಸುತ್ತಿರುವ ವರ್ಷದಲ್ಲೇ ಕಂತು ಕಂತಾಗಿ ಕಟ್ಟುತ್ತಾ ಹೋಗಬೇಕು ಎಂಬುದಷ್ಟೇ ಇದರ ಅರ್ಥ. ನಮ್ಮ ದೇಶದಲ್ಲಿ ಈ ಪದ್ಧತಿ ಬಂದದ್ದು 1944ರಲ್ಲಿ, ಬ್ರಿಟಿಷರ ಕಾಲದಲ್ಲಿ. ರಿಟರ್ನ್ ತುಂಬುವ ಸಮಯಕ್ಕೆ ಹೋಲಿಸಿದರೆ ಇದು ಮುಂಚಿತವಾಗಿ ಕಟ್ಟಿದ್ದು, ಆದ್ದರಿಂದ ಮುಂಗಡ.

ಒಬ್ಬ ವ್ಯಕ್ತಿಯ ತೆರಿಗೆ ಸರ್ಕಾರಕ್ಕೆ ಸೇರುವ ದಾರಿಗಳು ಮುಖ್ಯವಾಗಿ ಮೂರು. ಹಣ ಕೊಡುವವರೇ ಹಿಡಿದುಕೊಂಡು ಕಟ್ಟುವುದು ಟಿ.ಡಿ.ಎಸ್. ಆದಾಯ ಪಡೆದವರು ವರ್ಷ ಮುಗಿಯುವುದರೊಳಗೆ ತಾವೇ ಕಟ್ಟುವುದು ಮುಂಗಡ ತೆರಿಗೆ. ವರ್ಷ ಮುಗಿದ ಮೇಲೆ, ರಿಟರ್ನ್ ತುಂಬುವ ಮೊದಲು, ಉಳಿದ ಬಾಕಿಯನ್ನು ಕಟ್ಟುವುದು ಸ್ವಯಂ ನಿರ್ಧರಣೆಯ ತೆರಿಗೆ; ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ ಎಂದೇ ಎಲ್ಲರೂ ಕರೆಯುತ್ತಾರೆ. ಎರಡನೆಯದನ್ನೂ ಮೂರನೆಯದನ್ನೂ ಬೇರೆ ಮಾಡುವುದು ಒಂದೇ ಒಂದು ಗೆರೆ: ಮಾರ್ಚ್ 31. ಆ ದಿನದವರೆಗೆ ಕಟ್ಟಿದ್ದು ಮುಂಗಡ. ಏಪ್ರಿಲ್ 1ರ ನಂತರ ಕಟ್ಟಿದ್ದು ಸೆಲ್ಫ್ ಅಸೆಸ್‌ಮೆಂಟ್. ಕೊನೆಯ ಕಂತಿನ ದಿನವಾದ ಮಾರ್ಚ್ 15 ದಾಟಿ, 31ರೊಳಗೆ ಕಟ್ಟಿದರೂ ಅದು ಮುಂಗಡ ತೆರಿಗೆಯೇ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಮುಂಗಡ ತೆರಿಗೆ ಯಾರು ಕಟ್ಟಬೇಕು? ವರ್ಷದ ಒಟ್ಟು ತೆರಿಗೆಯಲ್ಲಿ ಟಿ.ಡಿ.ಎಸ್. ಕಳೆದ ಮೇಲೆ ಉಳಿಯುವ ಮೊತ್ತ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಕಟ್ಟಬೇಕು. ಸಂಬಳ ಮಾತ್ರ ಇರುವವರಿಗೆ ಕಚೇರಿಯೇ ಹಿಡಿದುಕೊಳ್ಳುವುದರಿಂದ ಈ ಪ್ರಶ್ನೆ ಹೆಚ್ಚಾಗಿ ಬರುವುದಿಲ್ಲ. ಪ್ರಶ್ನೆ ಬರುವುದು ಬಾಡಿಗೆ, ಬಡ್ಡಿ, ಷೇರು, ಸೈಟಿನ ಮಾರಾಟ, ಅಂಗಡಿ, ಕಮಿಷನ್ ಇಂಥ ಆದಾಯ ಇರುವವರಿಗೆ. ಊರಿನಲ್ಲಿರುವ ನಮ್ಮ ಹಿರಿಯರಲ್ಲಿ ಹಲವರಿಗೆ ಇರುವುದು ಇಂಥ ಆದಾಯವೇ.

"ಹಿರಿಯರಿಗೆ ಮುಂಗಡ ತೆರಿಗೆ ಇಲ್ಲವಲ್ಲ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಿಜ, ಆದರೆ ಪೂರ್ತಿ ನಿಜವಲ್ಲ. 2012-13ರ ಹಣಕಾಸು ವರ್ಷದಿಂದ ಭಾರತದಲ್ಲೇ ನೆಲೆಸಿರುವ, 60 ವರ್ಷ ತುಂಬಿದ, ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದ ವ್ಯಕ್ತಿಗೆ ಮುಂಗಡ ತೆರಿಗೆಯಿಂದ ವಿನಾಯಿತಿ ಇದೆ. ಈ ವಾಕ್ಯದಲ್ಲಿ ಮೂರು ಷರತ್ತುಗಳಿವೆ, ಮೂರೂ ಕೂಡಿ ಬರಬೇಕು. ಪಿಂಚಣಿ, ಬಾಡಿಗೆ, ಬಡ್ಡಿ ಮಾತ್ರ ಇರುವ 72ರ ತಂದೆಯವರಿಗೆ ವಿನಾಯಿತಿ ಉಂಟು. ಅದೇ ವಯಸ್ಸಿನಲ್ಲಿ ಇನ್ನೂ ಕಿರಾಣಿ ಅಂಗಡಿ ನಡೆಸುವ ದೊಡ್ಡಪ್ಪನಿಗೆ ಇಲ್ಲ. ವಿಮೆಯ ಏಜೆನ್ಸಿ ಕಮಿಷನ್ ಪಡೆಯುವ ಮಾವನಿಗೆ ಇಲ್ಲ. ನಿವೃತ್ತಿಯ ನಂತರ ಷೇರುಪೇಟೆಯ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರಕ್ಕೆ ಇಳಿದವರ ಲಾಭವೂ ವ್ಯಾಪಾರದ ಆದಾಯವೇ. ಮಕ್ಕಳ ಜೊತೆ ವಿದೇಶದಲ್ಲೇ ಇದ್ದು ಅನಿವಾಸಿಯಾದವರಿಗೂ ಈ ವಿನಾಯಿತಿ ಸಿಗದು. 60 ತುಂಬುವುದು ವರ್ಷದ ಯಾವ ದಿನವಾದರೂ ಆಗಬಹುದು. ಮಾರ್ಚ್ 20ರಂದು 60 ತುಂಬಿದರೂ ಆ ಇಡೀ ವರ್ಷಕ್ಕೆ ಅವರು ಹಿರಿಯ ನಾಗರಿಕರೇ.

ಇನ್ನೊಂದು ಮಾತು. ಮುಂಗಡ ತೆರಿಗೆ ಬೇಡ ಎಂದರೆ ತೆರಿಗೆಯೇ ಬೇಡ ಎಂದಲ್ಲ. ವಿನಾಯಿತಿ ಇರುವ ಹಿರಿಯರು ಕಂತುಗಳ ಗೊಡವೆ ಇಲ್ಲದೆ ಇಡೀ ಬಾಕಿಯನ್ನು ರಿಟರ್ನ್ ತುಂಬುವ ಮೊದಲು ಒಮ್ಮೆಗೇ ಕಟ್ಟಬಹುದು. ಗಡುವಿನೊಳಗೆ ಕಟ್ಟಿ ರಿಟರ್ನ್ ಸಲ್ಲಿಸಿದರೆ ಅವರಿಗೆ ಬಡ್ಡಿ ಬೀಳುವುದಿಲ್ಲ. ಅವರಿಗೆ ಸಿಕ್ಕಿರುವುದು ಸಮಯದ ಸೌಲಭ್ಯ ಮಾತ್ರ.

ಉಳಿದವರಿಗೆ ಕಂತುಗಳು ನಾಲ್ಕು. ಪೆನ್ನು ಕಾಗದ ಹತ್ತಿರ ಇದ್ದರೆ ಬರೆದುಕೊಳ್ಳಿ. ಜೂನ್ 15ರೊಳಗೆ ಶೇಕಡಾ 15. ಸೆಪ್ಟೆಂಬರ್ 15ರೊಳಗೆ ಒಟ್ಟು ಶೇಕಡಾ 45. ಡಿಸೆಂಬರ್ 15ರೊಳಗೆ ಒಟ್ಟು ಶೇಕಡಾ 75. ಮಾರ್ಚ್ 15ರೊಳಗೆ ಪೂರ್ತಿ ನೂರು. ಇವು ಹಿಂದಿನ ಕಂತುಗಳನ್ನೂ ಸೇರಿಸಿಕೊಂಡ ಲೆಕ್ಕ. ಊರಿನ ಹಿರಿಯರು ಕೆಲವರು "ಮೂರೇ ಕಂತಲ್ಲವೇ, ಮೊದಲನೆಯದು ಸೆಪ್ಟೆಂಬರ್‌ನಲ್ಲಿ" ಎಂದು ವಾದಿಸಬಹುದು. ಅವರ ನೆನಪು ತಪ್ಪಲ್ಲ, ಕಾನೂನು ಬದಲಾಗಿದೆ. 2015-16ರವರೆಗೆ ವ್ಯಕ್ತಿಗಳಿಗೆ ಮೂರು ಕಂತುಗಳಿದ್ದವು, 2016-17ರಿಂದ ನಾಲ್ಕಾದವು. ಸಣ್ಣ ವ್ಯಾಪಾರಿಗಳು ವಹಿವಾಟಿನ ಇಷ್ಟು ಪಾಲು ಲಾಭ ಎಂದು ಅಂದಾಜಿನಲ್ಲಿ ತೋರಿಸುವ ಯೋಜನೆಯನ್ನು ಆರಿಸಿಕೊಂಡಿದ್ದರೆ, ಅವರಿಗೆ ಮಾರ್ಚ್ 15ರ ಒಂದೇ ಕಂತು.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಕಲ್ಪಿತ ಲೆಕ್ಕ, ಆದರೆ ನಿಮ್ಮ ಮನೆಯದೂ ಆಗಿರಬಹುದು.

ಕುಂದಾಪುರದಲ್ಲಿ ಒಬ್ಬರು ಚಿಕ್ಕಮ್ಮ. ವಯಸ್ಸು 57. ಬ್ಯಾಂಕಿನಲ್ಲಿದ್ದ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರಿಗೆ ಕುಟುಂಬ ಪಿಂಚಣಿ ಬರುತ್ತದೆ. ಹಳೆಯ ಮನೆಯೊಂದನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಚಿಕ್ಕಪ್ಪನ ನಿವೃತ್ತಿ ಹಣ ಎಫ್.ಡಿ.ಯಲ್ಲಿದೆ. ಮಕ್ಕಳಿಲ್ಲ. ರಿಟರ್ನ್ ತುಂಬುವುದು ಡೊಂಬಿವಿಲಿಯಲ್ಲಿರುವ ಅಕ್ಕನ ಮಗ. ಲೆಕ್ಕದ ವರ್ಷ 2025-26, ಹೊಸ ತೆರಿಗೆ ಪದ್ಧತಿ.

ಕುಟುಂಬ ಪಿಂಚಣಿ ವರ್ಷಕ್ಕೆ 5,25,000. ಇದರಲ್ಲಿ 25,000 ಕಡಿತ ಸಿಗುತ್ತದೆ, ಉಳಿದದ್ದು 5,00,000. ಬಾಡಿಗೆ ತಿಂಗಳಿಗೆ 45,000, ವರ್ಷಕ್ಕೆ 5,40,000. ಮನೆ ಕಂದಾಯ 20,000 ಕಳೆದು, ಉಳಿದದ್ದರಲ್ಲಿ ಶೇಕಡಾ 30 ದುರಸ್ತಿಯ ಬಾಬ್ತು ಕಳೆದರೆ 3,64,000. ಎಫ್.ಡಿ. ಬಡ್ಡಿ 4,36,000. ಮೂರೂ ಕೂಡಿದರೆ ಸರಿಯಾಗಿ 13,00,000.

ತೆರಿಗೆ ನೋಡೋಣ. ಮೊದಲ 4 ಲಕ್ಷಕ್ಕೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇಕಡಾ 5, ಅಂದರೆ 20,000. 8ರಿಂದ 12 ಲಕ್ಷದವರೆಗೆ ಶೇಕಡಾ 10, ಅಂದರೆ 40,000. ಉಳಿದ 1 ಲಕ್ಷಕ್ಕೆ ಶೇಕಡಾ 15, ಅಂದರೆ 15,000. ಒಟ್ಟು 75,000. ಅದರ ಮೇಲೆ ಶೇಕಡಾ 4 ಸೆಸ್, 3,000. ಕೊನೆಗೆ 78,000 ರೂಪಾಯಿ. ಆ ವರ್ಷ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದ್ದು ತೆರಿಗೆ ಬರುವುದಿಲ್ಲ ಎಂಬುದು ಸರಿ. ಆದರೆ ಇವರದು 13 ಲಕ್ಷವಾದ್ದರಿಂದ ಆ ರಿಯಾಯಿತಿ ಇಲ್ಲ.

ಇಲ್ಲಿ ಚಿಕ್ಕಮ್ಮ ಒಂದು ಮಾತು ಕೇಳುತ್ತಾರೆ, ನಮ್ಮೆಲ್ಲರ ಮನೆಯವರೂ ಕೇಳುವ ಮಾತು: "ಬ್ಯಾಂಕಿನವರು ಹಿಡಿದುಕೊಂಡಿದ್ದಾರಲ್ಲ ಮಗಾ, ಇನ್ನೆಂಥದ್ದು ಕೊಡುವುದು?"

ಹೌದು, ಬ್ಯಾಂಕು ಹಿಡಿದುಕೊಂಡಿದೆ. ಎಫ್.ಡಿ. ಬಡ್ಡಿಯ ಶೇಕಡಾ 10, ಅಂದರೆ 43,600. ಆದರೆ ಉಳಿದದ್ದಕ್ಕೆ ಯಾರೂ ಹಿಡಿದಿಲ್ಲ. ಕುಟುಂಬ ಪಿಂಚಣಿ ಕಾನೂನಿನ ಕಣ್ಣಲ್ಲಿ ಸಂಬಳವಲ್ಲ, ಇತರೆ ಮೂಲದ ಆದಾಯ. ಆದ್ದರಿಂದ ಅದರಲ್ಲಿ ಸಂಬಳದ ಹಾಗೆ ಟಿ.ಡಿ.ಎಸ್. ಕಡಿತವಾಗುವುದಿಲ್ಲ. ಬಾಡಿಗೆ ತಿಂಗಳಿಗೆ 50,000 ಮೀರದ್ದರಿಂದ ಬಾಡಿಗೆದಾರರೂ ಹಿಡಿಯಬೇಕಾಗಿಲ್ಲ. ಗಂಡ ಇದ್ದಾಗ ಅವರ ಸಂಬಳ, ಪಿಂಚಣಿಗಳಲ್ಲಿ ಎಲ್ಲವೂ ತಾನಾಗಿ ಕಡಿತವಾಗುತ್ತಿತ್ತು. ಅದನ್ನೇ ನೋಡಿದ ಹೆಂಗಸರಿಗೆ ಈಗ ಕಡಿತವಾಗದಿರುವುದು ಹೇಗೆ ಗೊತ್ತಾಗಬೇಕು? ವಿಧವೆಯರ ರಿಟರ್ನ್‌ಗಳಲ್ಲಿ ಬಾಕಿ ಕಾಣಿಸಿಕೊಳ್ಳುವುದಕ್ಕೆ ಇದೊಂದು ದೊಡ್ಡ ಕಾರಣ.

78,000ದಲ್ಲಿ 43,600 ಕಳೆದರೆ 34,400. ಇದು 10,000ಕ್ಕಿಂತ ಹೆಚ್ಚು. ವಯಸ್ಸು 60 ಆಗಿಲ್ಲ. ಹಾಗಾಗಿ ಚಿಕ್ಕಮ್ಮ ಮುಂಗಡ ತೆರಿಗೆ ಕಟ್ಟಬೇಕಾಗಿತ್ತು: ಜೂನ್‌ನಲ್ಲಿ 5,160, ಸೆಪ್ಟೆಂಬರ್‌ನಲ್ಲಿ 10,320, ಡಿಸೆಂಬರ್‌ನಲ್ಲಿ 10,320, ಮಾರ್ಚ್‌ನಲ್ಲಿ 8,600.

ಅವರು ಕಟ್ಟಿದ್ದು ಹೀಗೆ ಎಂದು ಇಟ್ಟುಕೊಳ್ಳೋಣ. ಮಾರ್ಚ್ ತಿಂಗಳಲ್ಲಿ ಪಕ್ಕದ ಮನೆಯವರು ಯಾರೋ ಹೇಳಿದರೆಂದು, ಮಾರ್ಚ್ 10ರಂದು ಬ್ಯಾಂಕಿಗೆ ಹೋಗಿ 20,000 ಕಟ್ಟಿ ಬಂದರು. ರಸೀದಿಯನ್ನು ದೇವರ ಕೋಣೆಯ ಡಬ್ಬಿಯಲ್ಲಿಟ್ಟರು. ಆಮೇಲೆ ಮರೆತರು.

ರಿಟರ್ನ್ ತುಂಬುವ ಮಗನ ಮೊದಲ ಕೆಲಸ ಆ 20,000ವನ್ನು ಹುಡುಕುವುದು. ಟಿ.ಡಿ.ಎಸ್. ವಿವರ 26-ಎ.ಎಸ್. ಎಂಬ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ತಾವೇ ಕಟ್ಟಿದ ತೆರಿಗೆ ಅಲ್ಲಿ ಕಾಣಲಿಲ್ಲವೆಂದು ಗಾಬರಿಯಾಗಬೇಡಿ. 2022-23ರ ಆದಾಯದ ಲೆಕ್ಕದಿಂದ ಆ ಪಟ್ಟಿಯಲ್ಲಿ ಮೂಲದಲ್ಲಿ ಹಿಡಿದ ತೆರಿಗೆಯ ವಿವರಕ್ಕಷ್ಟೇ ಜಾಗ. ತಾವು ಕಟ್ಟಿದ ಚಲನ್‌ಗಳನ್ನು ಎ.ಐ.ಎಸ್. ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ತೆರಿಗೆ ಪಾವತಿಯ ಭಾಗದಲ್ಲಿ ನೋಡಬೇಕು. ಈ ಎ.ಐ.ಎಸ್. ಬಂದದ್ದು 2021ರ ನವೆಂಬರ್‌ನಲ್ಲಿ. ಇ-ಪೇ ಟ್ಯಾಕ್ಸ್ ಪುಟದ ಪಾವತಿ ಇತಿಹಾಸದಲ್ಲೂ ಚಲನ್‌ಗಳು ಕಾಣುತ್ತವೆ. ಹಾಗೆಯೇ ಪಾಸ್‌ಬುಕ್ ತರಿಸಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಮ್ಮೆ ಕಣ್ಣಾಡಿಸಿ. ಹಿರಿಯರ ಬಾಯಲ್ಲಿ "ನಾನು ಏನೂ ಕಟ್ಟಿಲ್ಲ" ಎಂಬ ಮಾತು ಬಂದರೂ, "ಏನೋ ಒಂದಿಷ್ಟು ಕಟ್ಟಿದ್ದೇನೆ" ಎಂಬ ಮಾತು ಬಂದರೂ, ಕಾಗದ ನೋಡದೆ ಮುಂದುವರಿಯಬಾರದು.

ಚಲನ್ ಸಿಕ್ಕಿದಾಗ ನಾಲ್ಕು ವಿವರ ಬರೆದುಕೊಳ್ಳಬೇಕು. ಬ್ಯಾಂಕ್ ಶಾಖೆಯ ಏಳು ಅಂಕಿಗಳ ಬಿ.ಎಸ್.ಆರ್. ಕೋಡ್, ಕಟ್ಟಿದ ದಿನಾಂಕ, ಚಲನ್‌ನ ಐದು ಅಂಕಿಗಳ ಕ್ರಮಸಂಖ್ಯೆ, ಮತ್ತು ಮೊತ್ತ. ರಿಟರ್ನ್ ನಮೂನೆಯಲ್ಲಿ ಮುಂಗಡ ತೆರಿಗೆಗೂ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆಗೂ ಒಂದೇ ಪಟ್ಟಿ ಇರುತ್ತದೆ. ಅದರಲ್ಲಿ ದಿನಾಂಕ ನೋಡಿಯೇ ಯಾವುದು ಯಾವ ಬಗೆಯದು ಎಂದು ವಿಂಗಡಣೆ ಆಗುತ್ತದೆ. ಮಾರ್ಚ್ 10 ಎಂದು ಬರೆಯುವಲ್ಲಿ ಮೇ 10 ಎಂದು ಬರೆದರೆ ಮುಂಗಡವಾಗಿ ಕಟ್ಟಿದ ಹಣ ಮುಂಗಡವಲ್ಲವಾಗುತ್ತದೆ, ಬಡ್ಡಿ ಏರುತ್ತದೆ. ಈಗ ಬಹಳಷ್ಟು ವಿವರಗಳು ಮೊದಲೇ ತುಂಬಿ ಬರುತ್ತವೆ. ಬಂದರೂ ರಸೀದಿಯೊಂದಿಗೆ ಹೋಲಿಸಿ ನೋಡಿ. ಬಾರದಿದ್ದರೆ ನಾವೇ ಸೇರಿಸಬೇಕು.

ರಸೀದಿಯಲ್ಲೂ ಒಂದು ಎಚ್ಚರ ಬೇಕು. ಪೋರ್ಟಲ್‌ನಲ್ಲಿ ಚಲನ್ ತಯಾರಿಸಿದಾಗ ಸಿ.ಆರ್.ಎನ್. ಎಂಬ ಸಂಖ್ಯೆ ಬರುತ್ತದೆ. ಅದು ಹಣ ಕಟ್ಟಲು ಬೇಕಾದ ಸಂಖ್ಯೆ ಮಾತ್ರ. ಹಣ ಸೇರಿದ ಮೇಲೆ ಬರುವುದು ಸಿ.ಐ.ಎನ್. ಎಂಬ ಇನ್ನೊಂದು ಸಂಖ್ಯೆ. ಹಿರಿಯರು ಕಳಿಸಿದ ಫೋಟೋದಲ್ಲಿ ಮೊದಲನೆಯದು ಮಾತ್ರ ಇದ್ದರೆ ತೆರಿಗೆ ಕಟ್ಟಿದಂತಾಗಲಿಲ್ಲ.

ಈಗ ಬಡ್ಡಿ. ಇದನ್ನು ದಂಡ ಎಂದುಕೊಂಡು ಊರಿನವರು ಹೆದರುತ್ತಾರೆ. ಇದು ದಂಡವಲ್ಲ, ತಡವಾದ ಹಣಕ್ಕೆ ಬಡ್ಡಿ. 1961ರ ಕಾಯ್ದೆಯಲ್ಲಿ ಎರಡು ಕಲಮುಗಳಿವೆ. ಕಂತುಗಳು ತಡವಾದದ್ದಕ್ಕೆ 234-ಸಿ. ವರ್ಷದ ಕೊನೆಗೂ ಶೇಕಡಾ 90ರಷ್ಟು ಸೇರದಿದ್ದರೆ 234-ಬಿ. ಎರಡಕ್ಕೂ ತಿಂಗಳಿಗೆ ಶೇಕಡಾ 1.

ಚಿಕ್ಕಮ್ಮನ ಲೆಕ್ಕಕ್ಕೆ ಬರೋಣ. ಬಡ್ಡಿ ಲೆಕ್ಕದಲ್ಲಿ ನೂರರ ಕೆಳಗಿನ ಚಿಲ್ಲರೆ ಬಿಡುತ್ತಾರೆ. ಜೂನ್ ಕಂತಿನ ಕೊರತೆ 5,100ಕ್ಕೆ ಮೂರು ತಿಂಗಳ ಬಡ್ಡಿ 153. ಸೆಪ್ಟೆಂಬರ್‌ವರೆಗಿನ ಕೊರತೆ 15,400ಕ್ಕೆ ಮೂರು ತಿಂಗಳು, 462. ಡಿಸೆಂಬರ್‌ವರೆಗಿನ ಕೊರತೆ 25,800ಕ್ಕೆ ಮೂರು ತಿಂಗಳು, 774. ಮಾರ್ಚ್ 15ಕ್ಕೆ 20,000 ಸೇರಿದ್ದರಿಂದ ಕೊರತೆ 14,400, ಅದಕ್ಕೆ ಒಂದು ತಿಂಗಳು, 144. ಒಟ್ಟು 1,533 ರೂಪಾಯಿ. ಇದು 234-ಸಿ.

ಇನ್ನು 234-ಬಿ. 34,400ರ ಶೇಕಡಾ 90 ಎಂದರೆ 30,960. ಕಟ್ಟಿದ್ದು 20,000. ಆದ್ದರಿಂದ ಉಳಿದ 14,400ಕ್ಕೆ ಏಪ್ರಿಲ್ 1ರಿಂದ ಬಡ್ಡಿ ಓಡುತ್ತದೆ. 2026ರ ಜುಲೈ 20ರಂದು ಬಾಕಿ ಕಟ್ಟಿ ರಿಟರ್ನ್ ಸಲ್ಲಿಸಿದರೆ ಏಪ್ರಿಲ್, ಮೇ, ಜೂನ್, ಜುಲೈ, ನಾಲ್ಕು ತಿಂಗಳು. ಅರ್ಧ ತಿಂಗಳಾದರೂ ಪೂರ್ತಿ ತಿಂಗಳೇ. ಅದು 576. ಎರಡೂ ಬಡ್ಡಿ ಸೇರಿ 2,109. ಬಾಕಿ 14,400 ಕೂಡಿಸಿ, ಹತ್ತಕ್ಕೆ ಸರಿಹೊಂದಿಸಿದರೆ ಕಟ್ಟಬೇಕಾದದ್ದು 16,510.

ಒಂದು ವೇಳೆ ದೇವರ ಕೋಣೆಯ ಆ ರಸೀದಿ ಸಿಗದೆ, ಎ.ಐ.ಎಸ್. ಅನ್ನೂ ನೋಡದೆ ರಿಟರ್ನ್ ತುಂಬಿದ್ದರೆ? 34,400 ಬಾಕಿ, 3,109 ಬಡ್ಡಿ. ಹತ್ತಕ್ಕೆ ಸರಿಹೊಂದಿಸಿ 37,510 ಎಂದು ಕಂಪ್ಯೂಟರ್ ತೋರಿಸುತ್ತಿತ್ತು. ಪಿಂಚಣಿಯಲ್ಲಿ ಬದುಕುವ ಒಬ್ಬ ಹೆಂಗಸು 21,000 ರೂಪಾಯಿಯಷ್ಟು ಹೆಚ್ಚಿಗೆ ಹೊಂದಿಸಬೇಕಾಗುತ್ತಿತ್ತು. ಆಮೇಲೆ ತಿದ್ದುಪಡಿ, ಮರುಪಾವತಿ ಎಂದು ತಿಂಗಳುಗಟ್ಟಲೆ ಕಾಯಬೇಕು. ನಾವು ಅವರ ಹೆಸರಿನಲ್ಲಿ ಬಟನ್ ಒತ್ತುವಾಗ ನಮ್ಮ ಕೈಯಲ್ಲಿರುವುದು ಅವರ ದುಡ್ಡು, ಅವರ ನಿದ್ದೆ. ಹೀಗಾಗಿ ಕಟ್ಟಿದ ಹಣ ಹುಡುಕುವ ಕೆಲಸ ಆದಾಯ ಬರೆಯುವ ಕೆಲಸದಷ್ಟೇ ದೊಡ್ಡದು.

ಇನ್ನೊಂದು ಸಂಗತಿ ಗಮನಿಸಿ. ಮಾರ್ಚ್ 25ರಂದು ಮಗ ಫೋನು ಮಾಡಿ ಲೆಕ್ಕ ಕೇಳಿದ್ದರೆ, ಉಳಿದ 14,400ವನ್ನು 31ರೊಳಗೆ ಕಟ್ಟಿಸಬಹುದಿತ್ತು. ಆಗ 234-ಬಿ ಬಡ್ಡಿ ಇರುತ್ತಲೇ ಇರಲಿಲ್ಲ. ಮಾರ್ಚ್ 31ರ ಗೆರೆ ಎಂದು ಮೊದಲು ಹೇಳಿದ್ದು ಇದಕ್ಕೆ. ರಿಟರ್ನ್ ಗಡುವು ಮುಂದೆ ಹೋದರೂ ಈ ಬಡ್ಡಿ ನಿಲ್ಲುವುದಿಲ್ಲ. 2025ರಲ್ಲಿ ಜುಲೈ 31ರ ಗಡುವು ಸೆಪ್ಟೆಂಬರ್‌ವರೆಗೆ ಹೋಯಿತು. ಬಾಕಿ ಇದ್ದವರಿಗೆ ಆ ತಿಂಗಳುಗಳ 234-ಬಿ ಬಡ್ಡಿ ಬಿದ್ದೇ ಬಿತ್ತು. ಬಾಕಿ ಇದೆ ಎಂದು ಗೊತ್ತಾದ ದಿನವೇ ಹಣ ಕಟ್ಟಿ, ರಿಟರ್ನ್ ಬೇಕಾದರೆ ನಿಧಾನವಾಗಿ ಗಡುವಿನೊಳಗೆ ತುಂಬಿ.

ಕಟ್ಟುವುದಕ್ಕೆ ಊರಿಗೆ ಹೋಗಬೇಕಾಗಿಲ್ಲ. ಇ-ಪೇ ಟ್ಯಾಕ್ಸ್ ಸೇವೆಯಲ್ಲಿ ಲಾಗಿನ್ ಆಗದೆಯೂ ಅವರ ಪ್ಯಾನ್ ಹಾಕಿ, ನಮ್ಮ ಮೊಬೈಲಿಗೆ ಬರುವ ಓ.ಟಿ.ಪಿ. ಕೊಟ್ಟು, ನಮ್ಮ ಬ್ಯಾಂಕ್ ಖಾತೆಯಿಂದಲೇ ಕಟ್ಟಬಹುದು. ಹಣ ಯಾರ ಖಾತೆಯದು ಎಂಬುದಕ್ಕಿಂತ ಪ್ಯಾನ್ ಯಾರದು ಎಂಬುದು ಮುಖ್ಯ. ನಮ್ಮ ಲಾಗಿನ್ನಿನಲ್ಲೇ ಕೂತು ಕಟ್ಟಿದರೆ ಹಣ ನಮ್ಮ ಹೆಸರಿಗೆ ಜಮಾ ಆಗುತ್ತದೆ, ಚಿಕ್ಕಮ್ಮನ ಬಾಕಿ ಹಾಗೇ ಉಳಿಯುತ್ತದೆ. ಚಲನ್‌ನಲ್ಲಿ ಮುಂಗಡ ತೆರಿಗೆಯ ಸಂಕೇತ 100, ಸೆಲ್ಫ್ ಅಸೆಸ್‌ಮೆಂಟ್ ತೆರಿಗೆಯ ಸಂಕೇತ 300.

ಆಮೇಲೆ ವರ್ಷ. ಎಡವುವುದಕ್ಕೆ ಇದಕ್ಕಿಂತ ಸುಲಭದ ಜಾಗ ಇಲ್ಲ. 1961ರ ಕಾಯ್ದೆಯಲ್ಲಿ 2025-26ರಲ್ಲಿ ಗಳಿಸಿದ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಆದರೆ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅಸೆಸ್‌ಮೆಂಟ್ ವರ್ಷ ಎಂಬ ಮಾತೇ ಇಲ್ಲ. ಗಳಿಸಿದ ವರ್ಷವೇ ತೆರಿಗೆ ವರ್ಷ. ಹೀಗಾಗಿ 2026-27 ಎಂಬ ಒಂದೇ ಅಂಕಿಗೆ ಎರಡು ಅರ್ಥ. ಅಸೆಸ್‌ಮೆಂಟ್ ವರ್ಷ 2026-27 ಎಂದರೆ 2026ರ ಮಾರ್ಚ್ 31ಕ್ಕೆ ಮುಗಿದ ಆದಾಯ. ತೆರಿಗೆ ವರ್ಷ 2026-27 ಎಂದರೆ 2026ರ ಏಪ್ರಿಲ್‌ನಿಂದ ಶುರುವಾಗುವ ಆದಾಯ. ಹಳೆಯ ವರ್ಷದ ಬಾಕಿ ಕಟ್ಟುತ್ತಿದ್ದೀರೋ, ಹೊಸ ವರ್ಷದ ಮುಂಗಡ ಕಟ್ಟುತ್ತಿದ್ದೀರೋ ಎಂದು ಎರಡು ಸಲ ನೋಡಿಕೊಂಡೇ ಮುಂದುವರಿಯಿರಿ. ತಪ್ಪಾದರೆ ಪೋರ್ಟಲ್‌ನಲ್ಲಿ ಚಲನ್ ತಿದ್ದುಪಡಿಯ ಸೇವೆ ಇದೆ. ಅದಕ್ಕೂ ಅವಧಿ ಇರುವುದರಿಂದ ತಡಮಾಡಬೇಡಿ. ಸಮಾಧಾನದ ಸಂಗತಿ ಎಂದರೆ ಕಂತಿನ ದಿನಗಳೂ ಶೇಕಡಾ ಪ್ರಮಾಣಗಳೂ ಹೊಸ ಕಾಯ್ದೆಯಲ್ಲಿ ಹಾಗೆಯೇ ಮುಂದುವರಿದಿವೆ.

ಕೆಲವರ ಮನೆಯಲ್ಲಿ ವರ್ಷದ ನಡುವೆ ಸೈಟು ಮಾರಿರುತ್ತಾರೆ. 50 ಲಕ್ಷಕ್ಕಿಂತ ಕಡಿಮೆ ಬೆಲೆಯದಾದರೆ, ಮಾರಿದವರು ಇಲ್ಲೇ ನೆಲೆಸಿದವರಾಗಿದ್ದಲ್ಲಿ, ಕೊಂಡವರು ಟಿ.ಡಿ.ಎಸ್. ಹಿಡಿಯಬೇಕಾಗಿಲ್ಲ. ಲಾಭದ ಪೂರ್ತಿ ತೆರಿಗೆ ಮಾರಿದವರ ಮೇಲೆಯೇ. ಜನವರಿಯಲ್ಲಿ ಮಾರಿದ ಸೈಟಿನ ಲಾಭವನ್ನು ಜೂನ್‌ನಲ್ಲಿ ಊಹಿಸಲು ಯಾರಿಗೂ ಸಾಧ್ಯವಿಲ್ಲ. ಕಾನೂನೂ ಹಾಗೆ ಕೇಳುವುದಿಲ್ಲ. ಮಾರಿದ ಮೇಲೆ ಬರುವ ಕಂತಿನಲ್ಲಿ ಕಟ್ಟಿದರೆ, ಅಥವಾ ಮಾರ್ಚ್ 15 ದಾಟಿದ್ದರೆ 31ರೊಳಗೆ ಕಟ್ಟಿದರೆ, ಹಿಂದಿನ ಕಂತುಗಳ ಬಡ್ಡಿ ಆ ಲಾಭಕ್ಕೆ ಬೀಳುವುದಿಲ್ಲ. ಆದ್ದರಿಂದ ರಿಜಿಸ್ಟ್ರಾರ್ ಕಚೇರಿಯಿಂದ ಬಂದ ವಾರವೇ ನಮಗೆ ತಿಳಿಸಬೇಕೆಂದು ಊರಿನವರಿಗೆ ಹೇಳಿಡಿ.

ಇನ್ನು ಅವರ ಪರವಾಗಿ ತುಂಬುವ ರೀತಿ. ಸಾಮಾನ್ಯವಾಗಿ ನಾವು ಅವರ ಪ್ಯಾನ್ ಮತ್ತು ಪಾಸ್‌ವರ್ಡ್ ಬಳಸಿ ಅವರ ಖಾತೆಯನ್ನೇ ತೆರೆಯುತ್ತೇವೆ. ಹಾಗೆ ಮಾಡುವಾಗ ಲೆಕ್ಕವನ್ನು ಅವರಿಗೆ ಓದಿ ಹೇಳಿ, ಅವರ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ರಿಟರ್ನ್ ಅವರದು, ಕೊನೆಯ ಹೊಣೆಯೂ ಅವರದೇ. ಅನಾರೋಗ್ಯದಿಂದಲೋ ದೂರದಲ್ಲಿರುವುದರಿಂದಲೋ ತಾವು ಮಾಡಲಾಗದವರು ಇನ್ನೊಬ್ಬರಿಗೆ ಅಧಿಕಾರ ಕೊಡುವ ವ್ಯವಸ್ಥೆ ಪೋರ್ಟಲ್‌ನಲ್ಲೇ ಇದೆ. ತೀರಿಕೊಂಡವರ ರಿಟರ್ನ್ ಆದರೆ ವಾರಸುದಾರರು ತಮ್ಮ ಖಾತೆಯಿಂದ ನೋಂದಾಯಿಸಿಕೊಂಡು, ಮರಣ ಪ್ರಮಾಣಪತ್ರ ಮುಂತಾದ ದಾಖಲೆ ಕೊಟ್ಟು ಸಲ್ಲಿಸಬೇಕು. ಅವರು ಬದುಕಿದ್ದಾಗ ಕಟ್ಟಿದ ಮುಂಗಡ ತೆರಿಗೆ ಅವರ ಪ್ಯಾನ್‌ನಲ್ಲೇ ಇರುತ್ತದೆ, ಅವರ ರಿಟರ್ನ್‌ನಲ್ಲೇ ಲೆಕ್ಕಕ್ಕೆ ಬರುತ್ತದೆ. ಅದು ಹೋಯಿತೆಂದು ಬಿಡಬೇಡಿ.

ಸಲ್ಲಿಸಿದ ಮೇಲೆ 30 ದಿನದೊಳಗೆ ದೃಢೀಕರಣ ಆಗಬೇಕು. ಆಧಾರ್ ಓ.ಟಿ.ಪಿ. ಬರುವುದು ಅವರ ಮೊಬೈಲಿಗೆ. ಚಿಕ್ಕಮ್ಮ ತೋಟದಲ್ಲೋ ದೇವಸ್ಥಾನದಲ್ಲೋ ಇರುವ ಹೊತ್ತಿಗೆ ನಾವು ಇಲ್ಲಿ ಬಟನ್ ಒತ್ತಿದರೆ ಪ್ರಯೋಜನವಿಲ್ಲ. ಸಮಯ ಗೊತ್ತುಮಾಡಿಕೊಂಡು ಫೋನಿನಲ್ಲಿ ಇಬ್ಬರೂ ಇರಿ. ಓ.ಟಿ.ಪಿ. ಸಾಧ್ಯವಾಗದಿದ್ದರೆ ಅವರ ಸಹಿ ಹಾಕಿಸಿದ ಪ್ರತಿಯನ್ನು ಅಂಚೆಯಲ್ಲಿ ಕಳಿಸುವ ದಾರಿಯೂ ಉಂಟು. ದೇಶದ ಯಾವ ಮೂಲೆಯಿಂದ ಕಳಿಸಿದರೂ ಅದು ಹೋಗುವುದು ನಮ್ಮ ಬೆಂಗಳೂರಿನ ಸಿ.ಪಿ.ಸಿ. ಕೇಂದ್ರಕ್ಕೆ.

ಕೊನೆಗೆ ಒಂದೇ ಒಂದು ಮಾತು ನೆನಪಿನಲ್ಲಿಡಿ ಎಂದರೆ ಇದನ್ನು ಹೇಳುತ್ತೇನೆ. ಸಂಬಂಧಿಕರ ರಿಟರ್ನ್ ಜುಲೈ ತಿಂಗಳ ಕೆಲಸವಲ್ಲ. ಜುಲೈನಲ್ಲಿ ನಾವು ಮಾಡುವುದು ಆಗಿಹೋದದ್ದರ ಲೆಕ್ಕ. ಕೆಲಸ ಇರುವುದು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ ಮೊದಲ ವಾರದಲ್ಲಿ. ಆ ನಾಲ್ಕು ವಾರಗಳಲ್ಲಿ ಊರಿಗೆ ಫೋನು ಮಾಡಿದಾಗ ಮೂರು ಪ್ರಶ್ನೆ ಕೇಳಿ: ಹೊಸ ಎಫ್.ಡಿ. ಏನಾದರೂ ಇಟ್ಟಿರಾ? ಬಾಡಿಗೆ ಹೆಚ್ಚಾಯಿತೇ? ಏನಾದರೂ ಮಾರಿದಿರಾ? ಉತ್ತರ ಬರೆದಿಟ್ಟು ತೆರಿಗೆ ಅಂದಾಜು ಮಾಡಿ, ಬೇಕಾದಷ್ಟು ಕಟ್ಟಿಸಿ, ರಸೀದಿಯ ಫೋಟೋ ತರಿಸಿಕೊಳ್ಳಿ. ಅಂದಾಜಿಗಿಂತ ಸ್ವಲ್ಪ ಹೆಚ್ಚು ಕಟ್ಟಿದ್ದರೆ ರಿಟರ್ನ್ ಆದ ಮೇಲೆ ಅದು ಅವರ ಖಾತೆಗೇ ಮರಳುತ್ತದೆ.

ನಮ್ಮ ಚಿಕ್ಕಮ್ಮನ ಉದಾಹರಣೆಯಲ್ಲಿ ಇದರಿಂದ ಉಳಿಯುವುದು ಎರಡು ಸಾವಿರ ರೂಪಾಯಿ ಚಿಲ್ಲರೆ. ದೊಡ್ಡ ಮೊತ್ತವಲ್ಲ. ಆದರೆ ಜುಲೈನಲ್ಲಿ ಇದ್ದಕ್ಕಿದ್ದಂತೆ ಹದಿನಾರು ಸಾವಿರ ಕೇಳಿದಾಗ ಒಂಟಿ ಹೆಂಗಸಿಗೆ ಆಗುವ ಗಾಬರಿ ಸಣ್ಣದಲ್ಲ. ಯಾರಿಗೆ ಮೋಸ ಹೋದೆನೋ, ಯಾವ ನೋಟಿಸು ಬರುತ್ತದೋ ಎಂದು ಅವರು ಅಂಜುತ್ತಾರೆ. ಜೂನ್‌ನಲ್ಲಿ ಐದು ಸಾವಿರ ಇಷ್ಟಕ್ಕೆ ಎಂದು ತಿಳಿಸಿ ಹೇಳಿದರೆ ಅದೇ ಹೆಂಗಸು ನೆಮ್ಮದಿಯಿಂದ ಕಟ್ಟುತ್ತಾರೆ.

ಇವತ್ತಿನ ಅಂಕಿಗಳು 2025-26ರ ವರ್ಷದವು. ಬಜೆಟ್ಟಿನಲ್ಲಿ ದರಗಳು ಬದಲಾಗಬಹುದು, ತುಂಬುವ ಮೊದಲು ಆಯಾ ವರ್ಷದ ದರ ನೋಡಿಕೊಳ್ಳಿ. ವ್ಯಾಪಾರ, ಆಸ್ತಿ ಮಾರಾಟ ಇಂಥ ಜಟಿಲ ಲೆಕ್ಕವಿದ್ದರೆ ಲೆಕ್ಕಪರಿಶೋಧಕರ ಸಲಹೆ ಪಡೆಯುವುದೇ ಜಾಣತನ.